ಡಬ್ಬಿ ಹಾಲಿನಲ್ಲಿ ಗಟ್ಟಿ ಮೊಸರು: ತಾಜಾ ಹಾಲು, ಬಹುಕಾಲ ಬಾಳುವ ಹಾಲಿನ ನಡುವೆ ನನ್ನ ಅನುಭವ

ಫ್ರಿಜ್ಜಿನಲ್ಲಿಡದೆಯೂ ತಿಂಗಳುಗಟ್ಟಲೆ ಕೆಡದೆ ಉಳಿಯುವ, ಅತಿ ಹೆಚ್ಚಿನ ಶಾಖ ಕೊಟ್ಟು ಡಬ್ಬಿಯಲ್ಲಿ ತುಂಬಿದ ಯುಎಚ್‌ಟಿ ಹಾಲಿನಿಂದ, ಚಮಚದಲ್ಲಿ ತೆಗೆದ ಕುಳಿ ಹಾಗೆಯೇ ನಿಲ್ಲುವಂಥ ಮೊಸರು ಆಗುವುದಿಲ್ಲವೆಂದು ಪರದೇಶದಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರು ಗಟ್ಟಿಯಾಗಿ ನಂಬಿದ್ದಾರೆ. ನಾನು ಈ ಪ್ರಯತ್ನಕ್ಕೆ ಇಳಿದಾಗ ಪರಿಚಯದವರೆಲ್ಲ ಬೇಡವೆಂದೇ ಹೇಳಿದರು. ಅಡುಗೆಯಲ್ಲಿ ಎತ್ತಿದ ಕೈ ಎನ್ನಿಸಿಕೊಂಡ ಹಿರಿಯರೊಬ್ಬರು ಅದು ಹಾಲೇ ಅಲ್ಲವೆಂದು ಮೂಗು ಮುರಿದರು. ಈಗ ಕೆಲವು ವರ್ಷಗಳಿಂದ ನಮ್ಮ ಮನೆಯ ಮೊಸರೆಲ್ಲ ಆ ಹಾಲಿನದೇ, ಮತ್ತು ಅದೇ ಹಿರಿಯರು ನಮ್ಮಲ್ಲಿಂದ ಹೆಪ್ಪು ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ನನ್ನನ್ನು ಈ ದಾರಿಗೆ ತಂದದ್ದು ಖರ್ಚು. ನಾವು ಮೊದಲು ಇದ್ದದ್ದು ತಾಜಾ ಹಾಲೇ ಹೆಚ್ಚು ಮಾರಾಟವಾಗುವ ದೇಶದಲ್ಲಿ; ಬ್ರಿಟನ್ ಮತ್ತು ಸ್ವೀಡನ್‌ಗಳಲ್ಲೂ ಹೀಗೆಯೇ. ಫ್ರಾನ್ಸ್, ಸ್ಪೇನ್, ಬೆಲ್ಜಿಯಂಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ಜನ ಕೊಳ್ಳುವ ಹಾಲಿನ ಬಹುಪಾಲು ಯುಎಚ್‌ಟಿ ಹಾಲೇ ಆಗಿದ್ದು, ತಾಜಾ ಹಾಲಿಗೆ ಅಂಗಡಿಯ ಒಂದು ಮೂಲೆಯಷ್ಟೇ ಸಿಗುತ್ತದೆ. ಅಂಥದೇ ದೇಶಕ್ಕೆ ಮನೆ ಬದಲಿಸಿದ ಮೇಲೂ ನಾವು ಹಟ ಹಿಡಿದು ತಾಜಾ ಹಾಲನ್ನೇ ಕೊಳ್ಳುತ್ತಿದ್ದೆವು. ಅದರ ಬೆಲೆ ಲೀಟರಿಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಅದಕ್ಕಿಂತಲೂ ಕೈ ಕಚ್ಚಿದ್ದು ಚೆಲ್ಲಿದ ಹಾಲು: ದೊಡ್ಡ ಬಾಟಲಿ ತಂದರೆ ಲೀಟರಿಗೆ ಅಗ್ಗವೆಂದು ತರುತ್ತಿದ್ದೆವು, ತೆರೆದ ಮೂರು ನಾಲ್ಕು ದಿನಗಳಲ್ಲಿ ಮುಗಿಯದೆ ಉಳಿದದ್ದು ಮೋರಿಗೆ ಹೋಗುತ್ತಿತ್ತು. ನೆನಪಿನಿಂದ ಹೇಳುವುದಾದರೆ ಕೊಂಡದ್ದರಲ್ಲಿ ಐದನೇ ಒಂದು ಭಾಗವಾದರೂ ಹೀಗೆ ವ್ಯರ್ಥವಾಗಿತ್ತು. ಮೊಸರನ್ನು ಹೊರಗಿನಿಂದಲೇ ತರೋಣವೆಂದರೆ ಅದರ ಬೆಲೆಯಲ್ಲಿ ಎರಡು ಮೂರು ಪಟ್ಟು ಹಾಲು ಬರುತ್ತಿತ್ತು.

ಮೊದಲ ಪ್ರಯತ್ನಗಳು ಸಾಲುಸಾಲಾಗಿ ಕೈಕೊಟ್ಟವು. ತಾಜಾ ಹಾಲಿಗೆ ಮಾಡುವಂತೆಯೇ ಡಬ್ಬಿ ಹಾಲನ್ನು ಚೆನ್ನಾಗಿ ಕಾಯಿಸಿ, ಆರಿಸಿ, ಹೆಪ್ಪು ಹಾಕಿದಾಗ ಬೆಳಿಗ್ಗೆ ಸಿಕ್ಕಿದ್ದು ಪಾತ್ರೆ ಅಲುಗಿಸಿದರೆ ತುಳುಕುವ, ಸೌಟಿನಿಂದ ಎಳೆಯಂತೆ ಇಳಿಯುವ ಲೋಳೆ. ಅದರ ಮೇಲೆ ಬೆಂದ ಹಾಲಿನ ವಾಸನೆ ಬೇರೆ. ಹೆಪ್ಪು ಸಾಲದೆಂದು ಎರಡರಷ್ಟು ಹಾಕಿದಾಗ ಹುಳಿ ಏರಿತೇ ಹೊರತು ಗಟ್ಟಿಯಾಗಲಿಲ್ಲ, ತಳದಿಂದ ಮೇಲಿನವರೆಗೂ ನೀರು ಬಿಟ್ಟಿತು. ಕಡಿಮೆ ಕೊಬ್ಬಿನ ಹಾಲಿನಲ್ಲಿ ಮಾಡಿದ್ದಂತೂ ಮಜ್ಜಿಗೆಗೂ ಆಗದೆ ಹೋಯಿತು. ಈ ಹಾಲನ್ನು 135 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಶಾಖಕ್ಕೆ ಏರಿಸುತ್ತಾರಾದರೂ ಆ ಶಾಖ ನಿಲ್ಲುವುದು ಕೆಲವೇ ಸೆಕೆಂಡು. ಮೊಸರು ಬಿಗಿಯಾಗಿ ಕಟ್ಟಿಕೊಳ್ಳಬೇಕಾದರೆ ಸುಮಾರು 85ರಿಂದ 90 ಡಿಗ್ರಿಯಲ್ಲಿ ಹತ್ತಿಪ್ಪತ್ತು ನಿಮಿಷ ಹಾಲು ನಿಂತು, ಅದರ ನೀರಿನ ಅಂಶದಲ್ಲಿರುವ ಪ್ರೋಟೀನು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿಗೆ ಅಂಟಿಕೊಳ್ಳಬೇಕು. ತಾಜಾ ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸುವಾಗ ನಾವು ಅರಿಯದೆಯೇ ಮಾಡುತ್ತಿದ್ದುದು ಇದನ್ನೇ. ಡಬ್ಬಿ ಹಾಲನ್ನು ಮನೆಯಲ್ಲಿ ಮತ್ತೊಮ್ಮೆ ಕಾಯಿಸಿ ಆ ಕೊರತೆ ತುಂಬಲು ನೋಡಿದಾಗಲೆಲ್ಲ ನನಗೆ ವಾಸನೆ ಹೆಚ್ಚಿತೇ ವಿನಾ ಬಿಗಿ ಬರಲಿಲ್ಲ.

ಆದ್ದರಿಂದ ಕಾಯಿಸುವುದನ್ನು ಪೂರ್ತಿ ಬಿಟ್ಟುಬಿಟ್ಟೆ. ಕೆನೆ ತೆಗೆಯದ ಹಾಲನ್ನೇ ಆರಿಸಿಕೊಂಡು, ಲೀಟರಿಗೆ ಇಪ್ಪತ್ತೈದು ಮೂವತ್ತು ಗ್ರಾಂನಷ್ಟು ಕೆನೆರಹಿತ ಹಾಲಿನ ಪುಡಿಯನ್ನು ಮೊದಲು ಒಂದು ಲೋಟ ಬೆಚ್ಚನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಉಳಿದದ್ದಕ್ಕೆ ಬೆರೆಸಿ, ಥರ್ಮಾಮೀಟರಿನಲ್ಲಿ 42–43 ಡಿಗ್ರಿ ತೋರಿಸುವವರೆಗೆ ಮಾತ್ರ ಬಿಸಿ ಮಾಡುತ್ತೇನೆ. ಬೆರಳದ್ದಿ ನೋಡುವ ಅಂದಾಜು ಇಲ್ಲಿ ಸಾಲದು, ಏಕೆಂದರೆ ಚಳಿಯ ಅಡುಗೆಮನೆಯಲ್ಲಿ ಬೆರಳಿಗೆ ಎಲ್ಲವೂ ಬಿಸಿಯಾಗಿಯೇ ತೋರುತ್ತದೆ. ಲೀಟರಿಗೆ ಎರಡು ಟೀ ಚಮಚ ಹೆಪ್ಪು ಸಾಕು. ಪಾತ್ರೆಯನ್ನು ಮುಚ್ಚಿ ದಪ್ಪ ಬಟ್ಟೆ ಸುತ್ತಿ, ಉರಿಸದ ಓವನ್ನಿನೊಳಗೆ ದೀಪ ಮಾತ್ರ ಹಾಕಿ ಏಳೆಂಟು ಗಂಟೆ ಅಲುಗಿಸದೆ ಇಟ್ಟು, ಕಟ್ಟಿಕೊಂಡ ಕೂಡಲೇ ಫ್ರಿಜ್ಜಿಗೆ ಸಾಗಿಸಿ, ಪೂರ್ತಿ ತಣಿಯುವವರೆಗೆ ಚಮಚ ಮುಟ್ಟಿಸುವುದಿಲ್ಲ. ತಣಿಯುತ್ತಲೇ ಅದು ಇನ್ನೂ ಬಿಗಿಯುತ್ತದೆ. ಹಾಲಿನಲ್ಲಿ ಬೇರೆ ಜೀವಾಣುಗಳೇ ಇರುವುದಿಲ್ಲವಾದ್ದರಿಂದ ನಾವು ಹಾಕಿದ ಹೆಪ್ಪಿಗೆ ಪೈಪೋಟಿ ಇಲ್ಲ, ಹಾಗಾಗಿ ಇವತ್ತಿನ ಮೊಸರಿಗೂ ಮುಂದಿನ ತಿಂಗಳಿನ ಮೊಸರಿಗೂ ರುಚಿಯಲ್ಲಿ ವ್ಯತ್ಯಾಸ ಬರುವುದಿಲ್ಲ. ತಾಜಾ ಹಾಲಿನಲ್ಲಿ ಇಷ್ಟು ಒಂದೇ ಸಮನಾದ ಫಲ ನನಗೆ ಎಂದೂ ಸಿಕ್ಕಿರಲಿಲ್ಲ. ನನ್ನ ಹೆಪ್ಪು ಮೊದಲಿಗೆ ಎಲ್ಲಿಂದ ಬಂತು, ಊರಿಗೆ ಹೋದಾಗ ವಾರಗಟ್ಟಲೆ ಅದನ್ನು ಹೇಗೆ ಉಳಿಸಿಕೊಳ್ಳುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಡಬ್ಬಿಯ ಮೇಲಿನ ದಿನಾಂಕವನ್ನು ಹೆಚ್ಚಿನವರು ಕೆಟ್ಟಿದೆಯೋ ಇಲ್ಲವೋ ಎಂಬುದಕ್ಕಷ್ಟೇ ನೋಡುತ್ತಾರೆ. ಮೊಸರು ಮಾಡುವವರಿಗೆ ಅದರ ಉಪಯೋಗ ಬೇರೆಯೇ ಇದೆ. ಹಾಲಿನಲ್ಲಿ ಸಹಜವಾಗಿರುವ ಪ್ಲಾಸ್ಮಿನ್ ಎಂಬ ಕಿಣ್ವ ಶಾಖಕ್ಕೆ ಸುಲಭವಾಗಿ ಸೋಲುವುದಿಲ್ಲ. ಮುಚ್ಚಿದ ಡಬ್ಬಿಯೊಳಗೇ ಅದು ತಿಂಗಳುಗಳ ಕಾಲ ಪ್ರೋಟೀನನ್ನು ನಿಧಾನವಾಗಿ ಕಡಿಯುತ್ತಿರುತ್ತದೆ, ಅದರಿಂದ ಹಳೆಯ ಡಬ್ಬಿಯ ಹಾಲಿಗೆ ಕಹಿ ಬರುತ್ತದೆ, ಕೆಲವೊಮ್ಮೆ ತಳದಲ್ಲಿ ಗಸಿ ಕಟ್ಟುತ್ತದೆ. ಅಂಗಡಿಯೊಂದರಲ್ಲಿ ಅರ್ಧ ಬೆಲೆಗೆ ಸಿಕ್ಕ, ಅವಧಿ ಮುಗಿಯಲು ಕೆಲವೇ ವಾರಗಳಿದ್ದ ಹಾಲನ್ನು ಪೆಟ್ಟಿಗೆಗಟ್ಟಲೆ ತಂದಿದ್ದೆ. ಕುಡಿಯಲು ಹೇಗೋ ನಡೆಯಿತು, ಮೊಸರು ಮಾತ್ರ ಪ್ರತಿ ಸಲವೂ ನಾಲಿಗೆಯ ಹಿಂಬದಿಗೆ ಕಹಿ ತಾಗಿಸುತ್ತಿತ್ತು. ಅಂದಿನಿಂದ ಕಪಾಟಿನ ಹಿಂದಿನ ಸಾಲಿಗೆ ಕೈ ಹಾಕಿ, ಅತಿ ದೂರದ ದಿನಾಂಕವಿರುವ ಡಬ್ಬಿಯನ್ನೇ ಎಳೆದುಕೊಳ್ಳುತ್ತೇನೆ.

ಎಲ್ಲದಕ್ಕೂ ಈ ಹಾಲು ಸಲ್ಲುತ್ತದೆಂದು ನಾನು ಹೇಳುವುದಿಲ್ಲ. ನಿಂಬೆರಸದಲ್ಲಿ ಒಡೆದು ಪನೀರ್ ಮಾಡಹೋದರೆ ರವೆಯಂಥ ಸಣ್ಣ ಕಣಗಳಾಗಿ ಒಡೆಯುತ್ತದೆ, ಎಷ್ಟೇ ಭಾರ ಹೇರಿದರೂ ಹೋಳು ಮಾಡುವಾಗ ಉದುರುತ್ತದೆ. ಚೀಸ್ ಮಾಡಲು ಹಾಲನ್ನು ಗಟ್ಟಿ ಕಟ್ಟಿಸುವ ರೆನೆಟ್ ಎಂಬ ಕಿಣ್ವ ತರಿಸಿ, ಅದಕ್ಕೆ ನೆರವಾಗುವ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿಯೂ ನೋಡಿದೆ; ಆ ಸಾಮಗ್ರಿಗೆ ಕೊಟ್ಟ ಹಣದಲ್ಲಿ ತಿಂಗಳಿನ ಹಾಲೇ ಬರುತ್ತಿತ್ತು, ಸಿಕ್ಕಿದ್ದು ಮಾತ್ರ ಕದಡಿದ ಗಂಜಿ. ಪನೀರಿಗೆ 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಪಾಶ್ಚರೀಕರಿಸಿದ ಸಾಮಾನ್ಯ ತಾಜಾ ಹಾಲೇ ಬೇಕು. ಕೆನೆ ಕೂಡಿಟ್ಟು ಬೆಣ್ಣೆ ತೆಗೆಯುವವರು ಅದರಲ್ಲೂ ಹೋಮೋಜಿನೈಸ್ ಮಾಡದ, ಅಂದರೆ ಕೆನೆ ಮೇಲೆ ಕಟ್ಟದಂತೆ ಕೊಬ್ಬನ್ನು ನುಣ್ಣಗೆ ಒಡೆದು ಬೆರೆಸಿರದ ಹಾಲನ್ನು ಹುಡುಕಬೇಕು.

ತಾಜಾ ಹಾಲು ಮತ್ತು ಡಬ್ಬಿ ಹಾಲು ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ, ಲೆಕ್ಕ ತಪ್ಪಿಸುವುದೂ ಅದೇ. ತಾಜಾ ಹಾಲಿನ ಜೊತೆಯಲ್ಲೇ ತಣ್ಣನೆಯ ಕಪಾಟಿನಲ್ಲಿದ್ದು, ಅವಧಿ ಮಾತ್ರ ಮೂರು ವಾರದಷ್ಟು ಮುಂದಿದ್ದರೆ, ಅದು ಸೂಕ್ಷ್ಮ ಜರಡಿಯಲ್ಲಿ ಸೋಸಿದ್ದೋ ಸಾಮಾನ್ಯಕ್ಕಿಂತ ಹೆಚ್ಚಿನ ಶಾಖ ಕಂಡದ್ದೋ ಆಗಿರುತ್ತದೆ. ಕುಡಿಯಲು ತಾಜಾ ಹಾಲಿಗೆ ತೀರ ಹತ್ತಿರ, ನಿಜ. ಆದರೆ ಮುಚ್ಚಳ ತೆರೆದ ಮೇಲೆ ಆ ಮೂರು ವಾರಕ್ಕೆ ಅರ್ಥವಿಲ್ಲ. ಯಾವ ಹಾಲಾದರೂ ಆಗ ಫ್ರಿಜ್ಜಿನಲ್ಲಿ ಕೆಲವೇ ದಿನ. ತೆರೆದ ಯುಎಚ್‌ಟಿ ಹಾಲು ಕೆಟ್ಟರೂ ಎಷ್ಟೋ ಸಲ ಹುಳಿ ವಾಸನೆ ಕೊಡದೆ ಕಹಿಯಾಗುತ್ತದೆ, ಹಾಗಾಗಿ ಮೂಗನ್ನು ನಂಬದೆ ತೆರೆದ ದಿನವನ್ನು ಡಬ್ಬಿಯ ಮೇಲೆಯೇ ಪೆನ್ನಿನಲ್ಲಿ ಬರೆದಿಡುತ್ತೇವೆ.

ಪೌಷ್ಟಿಕತೆಯ ಬಗ್ಗೆ ಕೇಳುವವರಿಗೆ ಹೇಳಬೇಕಾದದ್ದು ಸ್ವಲ್ಪವೇ: ಕ್ಯಾಲ್ಸಿಯಂ ಮತ್ತು ಪ್ರೋಟೀನಿನಲ್ಲಿ ಕೊರತೆಯಿಲ್ಲ, ಕೆಲವು ಬಿ ಜೀವಸತ್ವಗಳು ತುಸು ಕಡಿಮೆಯಾಗುತ್ತವೆ. ರುಚಿಯ ವಿಷಯದಲ್ಲಿ ಮನೆಯವರ ಮುಂದೆ ಗುರುತಿಲ್ಲದ ಲೋಟಗಳನ್ನಿಟ್ಟು ಪರೀಕ್ಷಿಸಿದ್ದೇನೆ. ಬರಿಯ ತಣ್ಣನೆಯ ಹಾಲಿನಲ್ಲಿ ಎಲ್ಲರೂ ವ್ಯತ್ಯಾಸ ಹಿಡಿದರು, ಕಾಫಿಯಲ್ಲಿ ಅರ್ಧದಷ್ಟು ಮಂದಿ ತಪ್ಪಿದರು, ಮೊಸರಿನಲ್ಲಿ ಒಬ್ಬರೂ ಹಿಡಿಯಲಿಲ್ಲ.

ಈಗ ವಾರಕ್ಕೆ ಒಂದೆರಡು ಲೀಟರು ತಾಜಾ ಹಾಲು ಕುಡಿಯುವುದಕ್ಕೆ ಮತ್ತು ಪನೀರಿಗೆಂದು ಬರುತ್ತದೆ, ಉಳಿದದ್ದೆಲ್ಲ ಡಬ್ಬಿಯದು. ಹಾಲು ಮೊಸರಿನ ಒಟ್ಟು ಖರ್ಚು ಮೊದಲಿನ ಅರ್ಧಕ್ಕೆ ಇಳಿದಿದೆ, ಚೆಲ್ಲುವುದು ನಿಂತೇಹೋಗಿದೆ. ಸದ್ಯ ಲ್ಯಾಕ್ಟೋಸ್ ರಹಿತ ಯುಎಚ್‌ಟಿ ಹಾಲನ್ನು ಇದೇ ಕ್ರಮದಲ್ಲಿ ನೋಡುತ್ತಿದ್ದೇನೆ. ಅದರಲ್ಲಿ ಹಾಲಿನ ಸಕ್ಕರೆ ಮೊದಲೇ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆದಿರುವುದರಿಂದ ಮೊಸರು ಸಿಹಿಯ ಕಡೆಗೇ ವಾಲುತ್ತದೆ, ನನ್ನ ಓವನ್ನಿನಲ್ಲಿ ಕಟ್ಟಿಕೊಳ್ಳಲು ಒಂದೆರಡು ಗಂಟೆ ಹೆಚ್ಚು ಹಿಡಿಯುತ್ತಿದೆ. ಪುಡಿಯ ಪ್ರಮಾಣವನ್ನು ಎಷ್ಟಕ್ಕೆ ನಿಲ್ಲಿಸಬೇಕೆಂಬುದು ಇನ್ನೂ ಹದಕ್ಕೆ ಬಂದಿಲ್ಲ.