ಸ್ಟ್ಯಾಂಡ್‌ಬೈ ದಿನ ಕಳೆಯುವುದು ಹೇಗೆ? ಬದಿಯಡ್ಕ ಕಡೆಯ ಪೈಲಟ್ ಒಬ್ಬನ ಮಾತು

ಸ್ಟ್ಯಾಂಡ್‌ಬೈ ಅಂದರೆ ಕರೆ ಬಂದರೆ ತಕ್ಷಣ ಹಾರಲು ಸಿದ್ಧವಾಗಿ ಕಾಯುವ ಡ್ಯೂಟಿ. ರೋಸ್ಟರ್‌ನಲ್ಲಿ, ಅಂದರೆ ಡ್ಯೂಟಿ ಪಟ್ಟಿಯಲ್ಲಿ, ಅದು ಬಿದ್ದರೆ ಹೊಸ ಕೋ-ಪೈಲಟ್‌ಗಳಿಗೆ ಖುಷಿ. ಮನೆಯಲ್ಲೇ ಇರಬಹುದು, ಸಂಬಳವೂ ಬರುತ್ತದೆ, ಅಲ್ವಾ? ಈ ಖುಷಿ ಜಾಸ್ತಿ ದಿನ ಉಳಿಯುವುದಿಲ್ಲ. ಹಾರುವುದಕ್ಕಿಂತ ಕಾಯುವುದು ಸುಸ್ತು ಅಂತ ಬೇಗ ಗೊತ್ತಾಗುತ್ತದೆ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಓದಿದ್ದು ಕನ್ನಡ ಮೀಡಿಯಂ. ಈಗ ಬೆಂಗಳೂರು ಬೇಸ್‌ನಲ್ಲಿ (ಡ್ಯೂಟಿ ಶುರುವಾಗುವ ಊರು) ಎ320 ವಿಮಾನ ಹಾರಿಸುತ್ತೇನೆ. ಈಚೆಗೆ ನಮ್ಮ ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳೂ ಈ ಕೆಲಸಕ್ಕೆ ಬರುತ್ತಿದ್ದಾರೆ. ವಿಮಾನ ಹಾರಿಸುವುದನ್ನು ಅವರಿಗೆ ಕಂಪನಿ ಕಲಿಸುತ್ತದೆ. ಫೋನ್ ಕಾಯುವುದನ್ನು ಯಾರೂ ಕಲಿಸುವುದಿಲ್ಲ. ಅದಕ್ಕೇ ಇದನ್ನು ಬರೆದದ್ದು.

ಮೊದಲು ಲೆಕ್ಕ. ಯಾರಿಗಾದರೂ ಹುಷಾರಿಲ್ಲದಿದ್ದರೆ, ಅಥವಾ ಮಂಜು, ಮಳೆ, ರಿಪೇರಿ ಅಂತ ತಡವಾಗಿ ಒಬ್ಬರ ಡ್ಯೂಟಿ ಗಂಟೆ ಮುಗಿದುಹೋದರೆ, ಅವರ ಜಾಗಕ್ಕೆ ನೀವು. ಮನೆಯಲ್ಲಿ ಕಾಯುವ ಸ್ಟ್ಯಾಂಡ್‌ಬೈ 12 ಗಂಟೆ ದಾಟುವಂತಿಲ್ಲ. ಏರ್‌ಪೋರ್ಟ್‌ನಲ್ಲಿ ಕೂತು ಕಾಯುವುದಾದರೆ 8 ಗಂಟೆ. ಏರ್‌ಪೋರ್ಟ್‌ನಲ್ಲಿ ಕಾದ ಸಮಯ ಪೂರ್ತಿ ಆ ದಿನದ ಡ್ಯೂಟಿ ಲೆಕ್ಕಕ್ಕೆ ಸೇರುತ್ತದೆ. ಮನೆಯಲ್ಲಿ ಕಾದದ್ದರಲ್ಲಿ ಕಾಲು ಭಾಗ ಮಾತ್ರ. ಅಂದರೆ 4 ಗಂಟೆ ಕಾದರೆ 1 ಗಂಟೆ. ಈ 1 ಗಂಟೆ ಸಣ್ಣದಲ್ಲ. ರಾತ್ರಿ ಕೊನೆಯ ಲೆಗ್ (ಒಂದು ಊರಿನಿಂದ ಇನ್ನೊಂದಕ್ಕೆ ಒಂದು ಹಾರಾಟ) ಹೊರಡುವ ಹೊತ್ತಿಗೆ ತಡವಾದರೆ ನೀವು ಹೋಗಬಹುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದೇ ಅದು. ಯಾರು ಯಾವ ವಿಮಾನಕ್ಕೆ ಅಂತ ಕರೆ ಮಾಡುವ ಕ್ರೂ ಕಂಟ್ರೋಲ್‌ನವರು ಲೆಕ್ಕ ಹಾಕಿರುತ್ತಾರೆ, ನಿಜ. ನೀವೂ ಹಾಕಿ. ಸಹಿ ನಿಮ್ಮದು.

ಮನೆಯವರಿಗೆ ಅರ್ಥ ಮಾಡಿಸುವುದು

ಇದು ಎಲ್ಲಕ್ಕಿಂತ ಕಷ್ಟ. ನಮ್ಮಮ್ಮನ ಜತೆ ನಡೆದ ಮಾತು ಹೀಗೆ.

"ಮಗಾ, ನಾಡಿದ್ದು ಗಣಹೋಮ. ಬಂದು ಹೋಗು."

"ಡ್ಯೂಟಿ ಉಂಟಮ್ಮ."

"ಎಂಥ ಡ್ಯೂಟಿ? ಮನೆಯಲ್ಲೇ ಇರ್ತೇನೆ ಅಂತ ಈಗಷ್ಟೇ ಹೇಳಿದೆಯಲ್ಲ!"

ನಿಯಮ, ರೋಸ್ಟರ್ ಅಂತ ವಿವರಿಸಿ ಪ್ರಯೋಜನವಿಲ್ಲ. ಕೊನೆಗೆ ಹೇಳಿದೆ: ಯಕ್ಷಗಾನ ಮೇಳದಲ್ಲಿ ಒಬ್ಬ ವೇಷಧಾರಿಗೆ ಜ್ವರ ಬಂದರೆ ಆಟ ನಿಲ್ಲಿಸುವುದಿಲ್ಲವಲ್ಲ, ಬೇರೆ ಯಾರಾದರೂ ಗೆಜ್ಜೆ ಕಟ್ಟಬೇಕು. ಆ ಬೇರೆಯವನು ನಾನು. ಅಮ್ಮ ಒಪ್ಪಿದರು. ಈಗ ನೆಂಟರಿಗೆಲ್ಲ ಅವರೇ ವಿವರಿಸುತ್ತಾರೆ, ನನಗಿಂತ ಚೆನ್ನಾಗಿ.

ಮದುವೆ, ಉಪನಯನಕ್ಕೆ "ಬರುತ್ತೇನೆ" ಅಂತ ಮಾತು ಕೊಡಬೇಡಿ. ರಜೆ ಹಾಕಿ, ಮಂಜೂರಾದ ಮೇಲೆ ಹೇಳಿ. ಸ್ಟ್ಯಾಂಡ್‌ಬೈ ದಿನ ಹೇಗಾದರೂ ತಪ್ಪಿಸಿಕೊಳ್ಳಬಹುದು ಅಂತ ಆಸೆ ಇಟ್ಟುಕೊಂಡರೆ ಭಾವ ಒಂದು ಕಡೆ, ಕ್ರೂ ಕಂಟ್ರೋಲ್ ಇನ್ನೊಂದು ಕಡೆ ಮುನಿಸಿಕೊಳ್ಳುತ್ತಾರೆ. ಭಾವನ ಮುನಿಸು ಹೆಚ್ಚು ದಿನ ಬಾಳಿಕೆ ಬರುತ್ತದೆ.

ನಿದ್ದೆ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

2010ರ ಮೇ 22ರಂದು ಮಂಗಳೂರು ಏರ್‌ಪೋರ್ಟ್ ಇರುವ ಬಜ್ಪೆಯಲ್ಲಿ ಏನಾಯಿತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, 8 ಜನ ಬದುಕಿದರು. ಹೋದವರಲ್ಲಿ ಕಾಸರಗೋಡಿನವರು ತುಂಬ ಜನ. ತನಿಖಾ ವರದಿಯಲ್ಲಿ ಒಂದು ವಿಷಯ ಇದೆ: ಕ್ಯಾಪ್ಟನ್ ದಾರಿಯಲ್ಲಿ ತುಂಬ ಹೊತ್ತು ನಿದ್ದೆ ಮಾಡಿದ್ದರು, ಎದ್ದ ಮೇಲಿನ ಮಂಪರು ಅವರ ತೀರ್ಮಾನದ ಮೇಲೆ ಪರಿಣಾಮ ಮಾಡಿರಬಹುದು. ನಿದ್ದೆಯ ವಿಷಯ ಬಂದಾಗ ನಾನು ತಮಾಷೆ ಮಾಡದಿರುವುದಕ್ಕೆ ಕಾರಣ ಇದು.

ಸ್ಟ್ಯಾಂಡ್‌ಬೈ ಬೆಳಿಗ್ಗೆ 4ರಿಂದ ಸಂಜೆ 4ರವರೆಗೆ ಅಂತ ಇಟ್ಟುಕೊಳ್ಳಿ. ಹೊಸಬರು 4 ಗಂಟೆಗೆ ಅಲಾರಂ ಇಟ್ಟು, ಎದ್ದು, ಸ್ನಾನ ಮಾಡಿ, ಫೋನ್ ನೋಡುತ್ತಾ ಕೂರುತ್ತಾರೆ. ಶಿಸ್ತಿನ ಹಾಗೆ ಕಾಣುತ್ತದೆ, ಆದರೆ ಅಪಾಯ ಇರುವುದೇ ಅಲ್ಲಿ. ಮಧ್ಯಾಹ್ನ 3ಕ್ಕೆ ಫೋನ್ ಬಂತು ಅನ್ನಿ. ಸಂಜೆ ಹೊರಟು ಎರಡು ಲೆಗ್ ಮುಗಿಸಿ ಇಳಿಯುವಾಗ ನಡುರಾತ್ರಿ. ಅಷ್ಟು ಹೊತ್ತಿಗೆ ಎದ್ದು 20 ಗಂಟೆ ಆಗಿರುತ್ತದೆ. ಕಾಗದದ ಮೇಲೆ ಎಲ್ಲವೂ ಸರಿ, ಕಣ್ಣು ಮಾತ್ರ ಸರಿ ಇಲ್ಲ.

ಆದ್ದರಿಂದ 4 ಗಂಟೆಗೆ ಏಳಬೇಡಿ. ಫೋನ್ ಎಬ್ಬಿಸಿದರೆ ಏಳಿ, ಇಲ್ಲದಿದ್ದರೆ ಮಲಗಿರಿ. ಬೆಳಗಿನ ತಿಂಡಿ ಆದ ಮೇಲೂ ಕರೆ ಬರದಿದ್ದರೆ ಇನ್ನೊಮ್ಮೆ ಮಲಗಿ. ಹಗಲು ಮಲಗಿದರೆ ಸೋಮಾರಿ ಅನ್ನುವುದು ನಮ್ಮ ಕಡೆಯ ಹಳೇ ಅಭ್ಯಾಸ. ತೋಟಕ್ಕೆ ಹೋಗುವವರಿಗೆ ಆ ಮಾತು ಸರಿ, ನಮಗಲ್ಲ. ಕಿಟಕಿಗೆ ದಪ್ಪ ಪರದೆ ಹಾಕಿಸಿ. 20 ನಿಮಿಷದ ನಿದ್ದೆ, ಇಲ್ಲ ಒಂದೂವರೆ ಗಂಟೆಯದು. ನಡುವಿನದ್ದು ತಲೆ ಭಾರ ಮಾಡುತ್ತದೆ. ಸಂಜೆಯಿಂದ ಶುರುವಾಗುವ ಸ್ಟ್ಯಾಂಡ್‌ಬೈ ಆದರೆ ಮಧ್ಯಾಹ್ನದ ಊಟ ಆದಮೇಲೆ ಕಾಫಿ ಬಿಡಿ, ನಿದ್ದೆ ಹಿಡಿಯಿರಿ. ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ದೇಹ ಹೇಗೂ ಕೈಕೊಡುತ್ತದೆ. ಆ ಹೊತ್ತಿಗೆ ಬೇಕಾದ ಕಾಫಿಯನ್ನು ಮೊದಲೇ ಖರ್ಚು ಮಾಡಬೇಡಿ.

ಫೋನ್ ದಿಂಬಿನ ಕೆಳಗೆ ಬೇಡ. ನಾಲ್ಕು ಹೆಜ್ಜೆ ದೂರ, ಚಾರ್ಜಿಗೆ ಹಾಕಿ, ಮೇಜಿನ ಮೇಲೆ ಇಡಿ. ಕಂಪನಿ ನಂಬರ್ ಬಿಟ್ಟು ಉಳಿದೆಲ್ಲ ಸೈಲೆಂಟ್. ಫ್ಯಾಮಿಲಿ ಗ್ರೂಪಿನಲ್ಲಿ ಬೆಳಿಗ್ಗೆ 5ಕ್ಕೇ ಶುಭೋದಯದ ಹೂವು ಕಳಿಸುವ ಮಾವ ಎಲ್ಲರ ಮನೆಯಲ್ಲೂ ಇರುತ್ತಾರೆ. ಕರೆ ಬಂದರೆ ಎದ್ದು ನಿಂತು ಮಾತಾಡಿ, ದೀಪ ಹಾಕಿ, ಮುಖ ತೊಳೆಯಿರಿ. ಗಾಢ ನಿದ್ದೆಯಿಂದ ಎದ್ದ ಮೊದಲ ಕಾಲು ಗಂಟೆ, ಅರ್ಧ ಗಂಟೆ ತಲೆ ಪೂರ್ತಿ ಕೆಲಸ ಮಾಡುವುದಿಲ್ಲ. ಆಗ ಕಾರು ಓಡಿಸಬೇಡಿ.

ಅರಿಷ್ಟದ ಬಾಟಲಿ

ಕುಡಿತದ ಬಗ್ಗೆ ನಿಯಮ ಎಲ್ಲರಿಗೂ ಗೊತ್ತು: ಹಾರುವುದಕ್ಕೆ ಮುಂಚಿನ 12 ಗಂಟೆ ಒಂದು ತೊಟ್ಟೂ ಇಲ್ಲ. ಸ್ಟ್ಯಾಂಡ್‌ಬೈಯಲ್ಲಿ ಈ 12 ಗಂಟೆಯನ್ನು ವಿಮಾನದ ಸಮಯದಿಂದ ಎಣಿಸಬೇಡಿ, ಸ್ಟ್ಯಾಂಡ್‌ಬೈ ಶುರುವಾಗುವ ಸಮಯದಿಂದ ಹಿಂದಕ್ಕೆ ಎಣಿಸಿ. ಕರೆ ಯಾವಾಗ ಅಂತ ಗೊತ್ತಿಲ್ಲವಲ್ಲ.

ನಮ್ಮ ಕಡೆಯವರಿಗೆ ಬೇರೆ ಅಪಾಯ ಉಂಟು. ದಶಮೂಲಾರಿಷ್ಟವೋ ಅಭಯಾರಿಷ್ಟವೋ ಇಲ್ಲದ ಮನೆ ಕಾಸರಗೋಡಿನಲ್ಲಿ ಕಡಿಮೆ. ಊರಿನಿಂದ ಹೊರಡುವಾಗ ಬ್ಯಾಗಿನ ಸಂದಿಯಲ್ಲಿ, ಹಪ್ಪಳದ ಕಟ್ಟಿನ ಪಕ್ಕ, ಹಳೇ ಪೇಪರ್ ಸುತ್ತಿದ ಕಂದು ಬಾಟಲಿ ಬಂದು ಕೂತಿರುತ್ತದೆ. "ಊಟ ಆದಮೇಲೆ ಎರಡು ಚಮಚ, ಗ್ಯಾಸಿಗೆ ಒಳ್ಳೆಯದು." ಒಳ್ಳೆಯದೇ ಇರಬಹುದು. ಆದರೆ ಅರಿಷ್ಟ, ಆಸವ ಎಲ್ಲ ಹುದುಗಿಸಿ ಮಾಡುವ ಮದ್ದು. ಆಲ್ಕೋಹಾಲ್ ತಾನಾಗಿಯೇ ಹುಟ್ಟುತ್ತದೆ. ಲೇಬಲ್‌ನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ ನೋಡಿ. ಆಲ್ಕೋಹಾಲ್ ಇರುವ ಮೌತ್‌ವಾಶ್, ಹಲ್ಲಿನ ಜೆಲ್ ಕೂಡ ಬೇಡ ಅಂತ ವಿಮಾನಯಾನದ ನಿಯಮ ಮಾಡುವ ಡಿಜಿಸಿಎ 2023ರಲ್ಲಿ ನಿಯಮದಲ್ಲೇ ಸೇರಿಸಿದೆ. ಬ್ರೆತ್ ಅನಲೈಸರ್‌ಗೆ ಅಮ್ಮನ ಪ್ರೀತಿ ಗೊತ್ತಾಗುವುದಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ 3 ತಿಂಗಳು ಅಮಾನತು, ಎರಡನೇ ಸಲ 3 ವರ್ಷ, ಮೂರನೇ ಸಲ ರದ್ದು.

ಶೀತದ ಮಾತ್ರೆಯೂ ಹಾಗೆಯೇ. ಹಲವು ಮಾತ್ರೆ ತೂಕಡಿಕೆ ತರುತ್ತವೆ. ಮೂಗು ಕಟ್ಟಿರುವಾಗ ವಿಮಾನ ಇಳಿಸಲು ಹೊರಟರೆ ಕಿವಿ ನೋವು ಹೇಳತೀರದು. ಹುಷಾರಿಲ್ಲ ಅನಿಸಿದರೆ ಸ್ಟ್ಯಾಂಡ್‌ಬೈ ಶುರುವಾಗುವ ಮೊದಲೇ ಫೋನ್ ಮಾಡಿ ಹೇಳಿ. ಕರೆ ಬಂದಮೇಲೆ ಹೇಳಿದರೆ ಇನ್ನೊಬ್ಬನ ನಿದ್ದೆ ಹಾಳಾಗುತ್ತದೆ.

ಕರೆ ಬಂದಾಗ

ಮೇಜಿನ ಮೇಲೆ ಪೆನ್ನು, ಚೀಟಿ ಇರಲಿ. ಫ್ಲೈಟ್ ನಂಬರ್, ಎಷ್ಟು ಲೆಗ್, ರಿಪೋರ್ಟಿಂಗ್ ಎಷ್ಟು ಹೊತ್ತಿಗೆ, ರಾತ್ರಿ ಎಲ್ಲಿ ತಂಗುವುದು, ಕ್ಯಾಬ್ ಎಷ್ಟಕ್ಕೆ. ಬರೆದುಕೊಂಡು ತಿರುಗಿ ಓದಿ ಹೇಳಿ. ಆಮೇಲೆ ಆ್ಯಪ್‌ನಲ್ಲೂ ಅದೇ ಬಂದಿದೆಯಾ ನೋಡಿ.

ಬ್ಯಾಗ್ ಹಿಂದಿನ ರಾತ್ರಿಯೇ ಸಿದ್ಧವಿರಬೇಕು. ಲೈಸೆನ್ಸ್, ಮೆಡಿಕಲ್, ಪಾಸ್‌ಪೋರ್ಟ್, ಏರ್‌ಪೋರ್ಟ್ ಪಾಸ್, ಟಾರ್ಚ್, ಚಾರ್ಜ್ ಮಾಡಿದ ಐಪ್ಯಾಡ್, ಕನ್ನಡಕ ಹಾಕುವವರಿಗೆ ಇನ್ನೊಂದು ಕನ್ನಡಕ. ಮನೆಗೆ ಬೇಗ ಬರುತ್ತೀರಿ ಅಂತ ಹೇಳಿದರೂ ಎರಡು ದಿನದ ಬಟ್ಟೆ ಇಡಿ. ಯೂನಿಫಾರ್ಮ್ ಇಸ್ತ್ರಿ ಮಾಡಿ, ಭುಜದ ಪಟ್ಟಿ ಸಿಕ್ಕಿಸಿ, ಕುರ್ಚಿಗೆ ಹಾಕಿಡಿ. ಪಟ್ಟಿ ಬಿಡಿಯಾಗಿ ಇಟ್ಟರೆ ಬೆಳಗಿನ ಜಾವ ಒಂದೇ ಸಿಗುತ್ತದೆ.

ಕರೆ ಯಾವಾಗ ಜಾಸ್ತಿ? ಡಿಸೆಂಬರ್, ಜನವರಿಯಲ್ಲಿ ಡೆಲ್ಲಿಯ ಮಂಜಿಗೆ. ಮಂಜಿನಲ್ಲಿ ಇಳಿಸುವ ಕ್ಯಾಟ್-3 ತರಬೇತಿ ನಿಮಗೆ ಆಗಿದ್ದರೆ ಆ ತಿಂಗಳು ಸಿನಿಮಾ ಟಿಕೆಟ್ ತೆಗೆಯಬೇಡಿ. ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯ ಮಳೆಗೆ. ಹಬ್ಬದ ಸಾಲಿನಲ್ಲಂತೂ ಸರಿಯೇ ಸರಿ.

ಊರಿನಿಂದ ಸ್ಟ್ಯಾಂಡ್‌ಬೈ ಮಾಡಬಹುದಾ?

ಬೇಸ್ ಬೆಂಗಳೂರು ಆದರೆ ಆಗುವುದಿಲ್ಲ, ಆಸೆ ಬಿಡಿ. ಮಂಗಳೂರು ಬೇಸ್ ಸಿಕ್ಕಿದವರು ಪುಣ್ಯವಂತರು, ಮಂಜೇಶ್ವರ, ಉಪ್ಪಳದಲ್ಲಿ ಇದ್ದುಕೊಂಡು ಮಾಡಬಹುದು. ಆದರೆ ಮ್ಯಾಪ್ ತೋರಿಸುವ ಸಮಯ ನಂಬಬೇಡಿ. ಬೆಳಿಗ್ಗೆ 9ಕ್ಕೆ ಪಂಪ್‌ವೆಲ್, ನಂತೂರು ದಾಟುವುದು ಹೇಗಿರುತ್ತದೆ ಅಂತ ಒಮ್ಮೆ ಓಡಿಸಿ ನೋಡಿ. ಮಳೆಗಾಲದಲ್ಲಿ ಇನ್ನೊಂದು ದಾರಿಯೂ ಗೊತ್ತಿರಬೇಕು. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದಾಗ ಏರ್‌ಪೋರ್ಟಿಗೆ ಎಲ್ಲರೂ ಸುತ್ತು ಹಾಕಿಯೇ ಹೋಗಬೇಕಾಯಿತು.

ಇನ್ನು ಫೋನ್ ಸಿಗ್ನಲ್. ನಮ್ಮ ಮನೆ ಅಡಿಕೆ ತೋಟದ ಕೆಳಗೆ, ಎರಡು ಗುಡ್ಡೆಯ ನಡುವೆ. ಸಿಗ್ನಲ್ ಬೇಕಾದರೆ ಗುಡ್ಡೆ ಹತ್ತಬೇಕು. ಅಂಥ ಮನೆಯಿಂದ ಸ್ಟ್ಯಾಂಡ್‌ಬೈ ಸಾಧ್ಯವೇ ಇಲ್ಲ. ವೈಫೈ ಕಾಲ್ ಇದೆಯಲ್ಲ ಅನ್ನಬೇಡಿ, ಒಂದು ಗುಡುಗಿಗೆ ಕರೆಂಟ್ ಹೋಗುತ್ತದೆ.

ಬೆಂಗಳೂರಿನವರು ಊರಿಗೆ ಹೋಗುವುದು ವಾರದ ವಿಶ್ರಾಂತಿಯಲ್ಲಿ. 2025ರ ಜುಲೈಯಿಂದ ಅದು 36 ಗಂಟೆಯಿಂದ 48 ಗಂಟೆಯಾಗಿದೆ. ನಮ್ಮಂಥ ದೂರದ ಊರಿನವರಿಗೆ ಆ 12 ಗಂಟೆ ದೊಡ್ಡದು. ರಾತ್ರಿ ಕಣ್ಣೂರು ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕಾಸರಗೋಡು. ಆದರೆ ವಾಪಸ್ ಅದೇ ರೈಲಿನಲ್ಲಿ ಬಂದು, ಇಳಿದ ಬೆಳಿಗ್ಗೆಯೇ ಸ್ಟ್ಯಾಂಡ್‌ಬೈಗೆ ಕೂರುವ ಪ್ಲಾನ್ ಬೇಡ. ಮಳೆಗಾಲದಲ್ಲಿ ಸಕಲೇಶಪುರ, ಸುಬ್ರಹ್ಮಣ್ಯ ನಡುವೆ ಗುಡ್ಡ ಜರಿದರೆ ರೈಲು ಎಲ್ಲಿ ನಿಂತಿತೋ ಅಲ್ಲೇ. ವಿಮಾನದಲ್ಲಿ ಸ್ಟಾಫ್ ಟಿಕೆಟ್ ಉಂಟು, ಸೀಟು ಖಾಲಿ ಇದ್ದರೆ ಮಾತ್ರ. ಗೇಟಿನಲ್ಲಿ ನಿಂತು ಹೆಸರು ಕರೆಯುತ್ತಾರಾ ಅಂತ ಕಾಯುವುದು, ಅಲ್ಲೂ ಅದೇ ಕಸುಬು. ಒಂದು ರಾತ್ರಿ ಮೊದಲೇ ಬಂದು ಮಲಗುವಂತೆ ಟಿಕೆಟ್ ಮಾಡಿ.

ಕರೆಯೇ ಬರದಿದ್ದರೆ

ಕೆಲವು ತಿಂಗಳು ಹೀಗೂ ಆಗುತ್ತದೆ. ಹಿಂದಿನ 90 ದಿನದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಆಗಿರಬೇಕು ಅನ್ನುವ ನಿಯಮ ನೆನಪಿರಲಿ. ಲಾಗ್‌ಬುಕ್ ನೋಡಿ, ಆ ಗಡುವು ಹತ್ತಿರ ಬರುತ್ತಿದ್ದರೆ ಮೊದಲೇ ರೋಸ್ಟರಿಂಗ್‌ಗೆ ಮೇಲ್ ಹಾಕಿ. ಮನೆಯಲ್ಲಿ ದಿನಕ್ಕೆ ಒಂದು ತುರ್ತು ಚೆಕ್‌ಲಿಸ್ಟ್ ತೆಗೆದು ಕುರ್ಚಿಯಲ್ಲಿ ಕೂತು ಕೈಯಾಡಿಸಿ. ಹೆಂಡತಿ ಮಕ್ಕಳು ನಗುತ್ತಾರೆ, ನಗಲಿ.

ಹಾರಿದ ಗಂಟೆಗೆ ಸಿಗುವ ಭತ್ಯೆ ಆ ತಿಂಗಳು ಕಡಿಮೆ ಬರುತ್ತದೆ. ಆದ್ದರಿಂದ ಮನೆ ಸಾಲದ ಕಂತು ಖಾಯಂ ಸಂಬಳ ನೋಡಿ ಲೆಕ್ಕ ಹಾಕಿ, ಅತಿ ಹೆಚ್ಚು ಹಾರಿದ ತಿಂಗಳ ಸ್ಲಿಪ್ ನೋಡಿ ಬೇಡ. ಬ್ಯಾಂಕಿನವರು ಆ ಸ್ಲಿಪ್ಪನ್ನೇ ಕೇಳುತ್ತಾರೆ.