ಎಸ್‌ಯುವಿ ಸಸ್ಪೆನ್ಷನ್ ಸದ್ದು ಮಾಡಿದರೆ: ಪರೀಕ್ಷೆ, ರಿಪೇರಿ ಮತ್ತು ರಿಕಾಲ್

ಗಾಡಿಯ ಮುಂಭಾಗದಲ್ಲಿ ಸದ್ದು ಶುರುವಾಯಿತೆಂದು ಹೇಳಿದರೆ ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲೇ ಆಗಲಿ ಮೊದಲು ಸಿಗುವ ಉತ್ತರ ಒಂದೇ: "ನಮ್ಮ ರಸ್ತೆನ ಹಂಗದಾವ್ರಿ." ಮಾತು ಅರ್ಧ ನಿಜ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನವಲಗುಂದ, ಅಣ್ಣಿಗೇರಿ, ರೋಣದ ಕಡೆ ತಗ್ಗು ಇಲ್ಲದ ರಸ್ತೆಯೂ ಅಲೆಅಲೆಯಾಗುವುದು ಅದಕ್ಕೇ. ಅಂಥ ರಸ್ತೆಯಲ್ಲಿ ಶಾಕ್ ಅಬ್ಸಾರ್ಬರಿಗೂ ಬುಷ್‌ಗಳಿಗೂ (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡು) ಒಂದು ನಿಮಿಷ ಬಿಡುವಿರುವುದಿಲ್ಲ. ಆದರೆ ರಬ್ಬರ್ ಬೇಗ ಸವೆಯುವುದು ಬೇರೆ, ಕಬ್ಬಿಣದ ತೋಳು ಬೆಸುಗೆಯಲ್ಲೇ ಬಿಡುವುದು ಬೇರೆ. ಮೊದಲನೆಯದರ ಖರ್ಚು ನಿಮ್ಮದು. ಎರಡನೆಯದಕ್ಕೆ ಕಂಪನಿ ಉತ್ತರ ಕೊಡಬೇಕು. ದೋಷವಿರುವ ಗಾಡಿಗಳನ್ನು ಕಂಪನಿ ವಾಪಸ್ ಕರೆದು ಸರಿಪಡಿಸುವುದೇ ರಿಕಾಲ್. ಯಾವುದು ಯಾವುದೆಂದು ತಿಳಿಯದೆ ಬಿಲ್ ಕಟ್ಟಬೇಡಿ.

ಸದ್ದನ್ನು ಮೊದಲು ಸರಿಯಾಗಿ ಕೇಳಿ

ಕಿಟಕಿ ಇಳಿಸಿ, ಎಸಿ, ರೇಡಿಯೋ ಎರಡನ್ನೂ ಬಂದ್ ಮಾಡಿ, ಗಂಟೆಗೆ 15ರಿಂದ 20 ಕಿ.ಮೀ. ವೇಗದಲ್ಲಿ ಒರಟು ರಸ್ತೆಯ ಮೇಲೆ ಹೋಗಿ. ಸಣ್ಣ ಸಣ್ಣ ಏರುಪೇರಿಗೂ "ಟಕ್ ಟಕ್" ಎಂದರೆ ಹೆಚ್ಚಾಗಿ ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಸರಳಿನ ಕೊಂಡಿ). ಬ್ರೇಕ್ ಒತ್ತಿದಾಗ, ಅಥವಾ ರಿವರ್ಸ್‌ನಿಂದ ಮುಂದಕ್ಕೆ ಹೊರಟಾಗ ಒಂದೇ ಸಲ "ಧಡ್" ಎಂದರೆ ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಹಿಂದಿನ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಮಿಡಿದಂತೆ "ಟಂಗ್" ಎಂದರೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಕೂಡಿದ ಕಂಬ) ಮೌಂಟ್‌ನ ಬೇರಿಂಗ್ ಹಿಡಿದುಕೊಂಡಿದೆ. ಅದೇ ಹೊತ್ತಿಗೆ ಕಿರುಗುಟ್ಟಿದರೆ ಬಾಲ್ ಜಾಯಿಂಟ್‌ನಲ್ಲಿ (ತೋಳಿಗೂ ಚಕ್ರಕ್ಕೂ ನಡುವಿನ ಗುಂಡು ಕೀಲು) ಗ್ರೀಸ್ ಒಣಗಿರಬಹುದು. ವೇಗ ಏರಿದ ಹಾಗೆ ಏರುವ "ಗುಂಯ್" ಸಸ್ಪೆನ್ಷನ್ನಿನದಲ್ಲ. ಅದು ವ್ಹೀಲ್ ಬೇರಿಂಗ್, ಇಲ್ಲವೇ ಸವೆದ ಟೈರ್.

ಇವುಗಳಲ್ಲಿ ಲಿಂಕ್ ರಾಡ್‌ಗೆ ಹೆದರಬೇಕಿಲ್ಲ, ಸದ್ದು ಮಾಡುತ್ತಲೇ ತಿಂಗಳುಗಟ್ಟಲೆ ಓಡುತ್ತದೆ. ಬಾಲ್ ಜಾಯಿಂಟ್ ಹಾಗಲ್ಲ. ಅದು ಕಳಚಿದರೆ ಚಕ್ರದ ಕೆಳಭಾಗಕ್ಕೆ ಹಿಡಿತವೇ ಉಳಿಯದೆ ಚಕ್ರ ಒಂದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಸ್ಟೀರಿಂಗ್ ಕೈಗೆ ಸಿಗುವುದಿಲ್ಲ. ಬೈಪಾಸಿನಲ್ಲಿ 80ರ ವೇಗದಲ್ಲಿ ಹೀಗಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಮನೆಯಂಗಳದ ಪರೀಕ್ಷೆ

ಮಳೆಗಾಲ ಮುಗಿದು ಹಿಂಗಾರಿ ಬಿತ್ತನೆ ನಡೆಯುವ ಹೊತ್ತಿಗೆ ಒಮ್ಮೆ, ಯುಗಾದಿಯ ಆಸುಪಾಸಿನಲ್ಲಿ ಇನ್ನೊಮ್ಮೆ ಈ ಕೆಲಸ ಮಾಡಿ. ಬೇಕಾಗುವುದು ಜಾಕಿ, ಎರಡು ಜಾಕ್ ಸ್ಟ್ಯಾಂಡ್, ಟಾರ್ಚ್, ಒಂದು ಟಾಮಿ ರಾಡ್ (ಮೀಟುವ ಸರಳು), ಅಳತೆ ಟೇಪು, ಜತೆಗೊಬ್ಬರು. ನೆಲ ಸಮತಟ್ಟಾಗಿರಲಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷದ ಕೆಲಸವಾದರೂ ಸರಿ.

ಜಾಕಿ ಹಾಕುವ ಮುಂಚೆ ಒಂದು ಅಳತೆ. ಗಾಡಿ ಖಾಲಿಯಿರುವಾಗ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಅಳೆಯಿರಿ. ವ್ಯತ್ಯಾಸ 10ರಿಂದ 15 ಮಿ.ಮೀ. ದಾಟಿದರೆ ತಗ್ಗಿದ ಪಕ್ಕದ ಸ್ಪ್ರಿಂಗ್ ನೋಡಿ. ಕಾಯಿಲ್ ಸ್ಪ್ರಿಂಗ್ ಹೆಚ್ಚಾಗಿ ಮುರಿಯುವುದು ಕೆಳಗಿನ ಕೊನೆಯ ಸುತ್ತಿನಲ್ಲಿ. ಬಟ್ಟಲಿನಂಥ ಆ ಜಾಗದಲ್ಲಿ ಎರೆಮಣ್ಣಿನ ರಾಡಿ ತುಂಬಿ, ಗಟ್ಟಿಯಾಗಿ, ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣ ಎದ್ದ ಕಡೆ ತುಕ್ಕು ಕೂರುತ್ತದೆ, ತುಕ್ಕಿನ ಗುಳಿಯಿಂದ ಬಿರುಕು ಹುಟ್ಟುತ್ತದೆ. ಮುರಿದ ತುಂಡು ಒಳಗೇ ಕೂತಿದ್ದರೆ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಎರಡೂ ಪಕ್ಕದ ಸುತ್ತುಗಳನ್ನು ಎಣಿಸಿ ನೋಡಿ. ಮಳೆಗಾಲದಲ್ಲಿ ಹೊಲದ ದಾರಿಗೆ ಹೋಗಿ ಬಂದ ದಿನ ಮೇಲ್ಭಾಗ ತೊಳೆಯದಿದ್ದರೂ ನಡೆದೀತು, ಕೆಳಗಿನ ಈ ಬಟ್ಟಲುಗಳಿಗೆ ಪೈಪಿನಿಂದ ನೀರು ಹೊಡೆಯುವುದನ್ನು ತಪ್ಪಿಸಬೇಡಿ.

ಈಗ ಚಕ್ರ ಎತ್ತಿ. ಇಲ್ಲಿ ಅನೇಕರು ತಪ್ಪುತ್ತಾರೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಗಾಡಿಗಳಲ್ಲಿ (ಮೋನೊಕಾಕ್, ಅಂದರೆ ಬಾಡಿಯೇ ಚೌಕಟ್ಟಾಗಿರುವ ಎಸ್‌ಯುವಿಗಳು ಹೆಚ್ಚಾಗಿ ಇವೇ) ಬಾಡಿಯ ಜಾಕಿ ಪಾಯಿಂಟಿನಿಂದ ಎತ್ತಿ ಚಕ್ರ ಜೋತುಬೀಳಲು ಬಿಡಬೇಕು. ಲ್ಯಾಡರ್ ಫ್ರೇಮಿನ (ಏಣಿಯಂಥ ಚೌಕಟ್ಟು) ಮೇಲೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ತೋಳು) ಇದ್ದು ಸ್ಪ್ರಿಂಗ್ ಲೋವರ್ ಆರ್ಮ್ ಮೇಲೆ ಕೂತಿದ್ದರೆ ಜಾಕಿಯನ್ನು ಲೋವರ್ ಆರ್ಮ್‌ಗೇ ಕೊಡಬೇಕು. ಇಲ್ಲವಾದರೆ ಸ್ಪ್ರಿಂಗಿನ ಒತ್ತಡ ಬಾಲ್ ಜಾಯಿಂಟನ್ನು ಬಿಗಿಯಾಗಿ ಹಿಡಿದಿಟ್ಟು, ಸವೆದದ್ದೂ ಗಟ್ಟಿಯಾಗಿರುವಂತೆ ಕಾಣುತ್ತದೆ.

ಚಕ್ರವನ್ನು ಗಡಿಯಾರ ಎಂದುಕೊಂಡು 12 ಮತ್ತು 6ರ ಜಾಗ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಾಡಿಸಿ. ಕೈಗೆ ತಿಳಿಯುವಷ್ಟು ಪ್ಲೇ (ಸಡಿಲ) ಇದ್ದರೆ ಜತೆಗಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಹೋದರೆ ವ್ಹೀಲ್ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್. 3 ಮತ್ತು 9ರ ಜಾಗ ಹಿಡಿದಾಗ ಮಾತ್ರ ಪ್ಲೇ ಸಿಕ್ಕರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್, ಅಂದರೆ ಸ್ಟೀರಿಂಗಿನ ಕೀಲುಗಳು.

ಬಾಲ್ ಜಾಯಿಂಟ್‌ನ ರಬ್ಬರ್ ಟೋಪಿಗೆ ಟಾರ್ಚ್ ಬಿಟ್ಟು ಸುತ್ತಲೂ ನೋಡಿ, ಬೆರಳಿನಿಂದ ಮಡಿಕೆ ಬಿಡಿಸಿ ನೋಡಿ. ಒಂದು ಸೀಳು ಸಾಕು. ಅದರೊಳಗೆ ರಾಡಿನೀರು ಹೋಗುತ್ತದೆ, ಜೇನಿನ ಬಣ್ಣದ ಗ್ರೀಸ್ ಬೂದಿಬಣ್ಣದ ಹಿಟ್ಟಾಗುತ್ತದೆ. ಬೆರಳಿಗೆ ಹಚ್ಚಿ ಉಜ್ಜಿದರೆ ಮರಳಿನ ಹಾಗೆ ಚರಚರ ಎನ್ನುತ್ತದೆ. ಆಮೇಲೆ ಒಳಗಿನ ಲೋಹದ ಗುಂಡಿಗೆ ಗ್ರೀಸ್ ಸಿಗುವುದಿಲ್ಲ, ಪ್ರತಿ ತಿರುವಿನಲ್ಲೂ ಸಾಣೆ ಹಿಡಿದಂತೆ ಸವೆಯುತ್ತದೆ. ಟೋಪಿ ಹರಿದ ಜಾಯಿಂಟ್ ಇವತ್ತು ಗಟ್ಟಿಯಾಗಿದ್ದರೂ ಬದಲಿಸುವುದೇ ಸರಿ.

ಬುಷ್‌ಗಳ ಪಕ್ಕ ಟಾಮಿ ಕೊಟ್ಟು ಮೆಲ್ಲಗೆ ಮೀಟಿ. ರಬ್ಬರಿನ ಮೇಲ್ಮೈಯ ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಡಿ. ರಬ್ಬರ್ ಒಳಗಿನ ಕಬ್ಬಿಣದ ಕೊಳವೆಯಿಂದ ಬಿಟ್ಟುಕೊಂಡಿದ್ದರೆ ಅದು ಮುಗಿದಂತೆ. ಶಾಕ್ ಅಬ್ಸಾರ್ಬರ್ ಮೇಲೆ ತೆಳುವಾಗಿ ಎಣ್ಣೆಪಸೆ ಇದ್ದು ಧೂಳು ಹಿಡಿದಿದ್ದರೆ ಸಹಜ, ಎಣ್ಣೆ ಇಳಿದು ಕೆಳಗೆ ಹನಿ ಕಟ್ಟಿದ್ದರೆ ಬದಲಿಸಿ. ಬಾನೆಟ್ ಒತ್ತಿ ಕುಣಿಸಿ ನೋಡುವ ಹಳೇ ಪದ್ಧತಿ ಭಾರದ ಎಸ್‌ಯುವಿಗಳಲ್ಲಿ ಏನನ್ನೂ ಹೇಳುವುದಿಲ್ಲ. ಅದರ ಬದಲು ಟೈರಿನ ಮೇಲೆ ಅಂಗೈ ಆಡಿಸಿ. ಅಲ್ಲಲ್ಲಿ ಬಟ್ಟಲಿನಂತೆ ಕುಳಿಬಿದ್ದಿದ್ದರೆ ಶಾಕ್ ಸೋತಿದೆ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಇಲ್ಲವೇ ಯಾವುದೋ ತೋಳು ಬಾಗಿದೆ.

ಭಾರದ ಲೆಕ್ಕವನ್ನೂ ಒಮ್ಮೆ ಹಾಕಿ. ತಲೆಗೆ 65 ಕೆ.ಜಿ.ಯಂತೆ ಏಳು ಜನ ಎಂದರೆ 455 ಕೆ.ಜಿ. ಅದರ ಮೇಲೆ ಊರಿನಿಂದ ಒಂದು ಕ್ವಿಂಟಲ್ ಜೋಳದ ಚೀಲ ಹೇರಿದರೆ ಹಿಂದಿನ ಸ್ಪ್ರಿಂಗ್ ಹಂಪ್‌ಗೆ ಬರುವ ಮುಂಚೆಯೇ ಬಂಪ್ ಸ್ಟಾಪ್‌ಗೆ (ಕೊನೆಯ ರಬ್ಬರ್ ತಡೆ) ತಾಗುವಷ್ಟು ಕುಸಿದಿರುತ್ತದೆ. ಆಮೇಲೆ ಬೀಳುವ ಪ್ರತಿ ಪೆಟ್ಟೂ ನೇರ ಬಾಡಿಗೆ.

ಮುರಿದ ಭಾಗ ಹೇಳುವ ಸಾಕ್ಷಿ

ಭಾಗ ಮುರಿದೇ ಬಿಟ್ಟಿದ್ದರೆ ಅದನ್ನು ಗುಜರಿಗೆ ಹೋಗಲು ಬಿಡಬೇಡಿ. ಮುರಿದ ಮುಖವನ್ನು ಉಜ್ಜದೆ, ತೊಳೆಯದೆ, ಎರಡು ತುಂಡನ್ನೂ ಒಂದಕ್ಕೊಂದು ತಾಗಿಸಿ ನೋಡದೆ ಬಿಸಿಲಿಗೆ ಫೋಟೋ ತೆಗೆಯಿರಿ. ಮುಖವೆಲ್ಲ ಒಂದೇ ಥರ ಒರಟಾಗಿ ಹೊಳೆಯುತ್ತಿದ್ದು ಸುತ್ತಲಿನ ಲೋಹ ಬಾಗಿದ್ದರೆ ಒಂದೇ ಪೆಟ್ಟಿಗೆ ಮುರಿದಿದೆ. ರಿಮ್ಮಿನ ಮೇಲೂ ಟೈರಿನ ಮೇಲೂ ಆ ಪೆಟ್ಟಿನ ಗುರುತು ಇರಲೇಬೇಕು. ಒಂದು ಅಂಚಿನಿಂದ ಕೆರೆಯ ನೀರು ಇಳಿದ ದಂಡೆಯ ಹಾಗೆ ಬಿಲ್ಲಿನಾಕಾರದ ಗೆರೆಗಳು ಹರಡಿದ್ದು, ಅಷ್ಟು ಭಾಗ ನುಣುಪಾಗಿ ಮಂಕಾಗಿ ಅಥವಾ ತುಕ್ಕುಹಿಡಿದಿದ್ದು, ಉಳಿದ ತುಣುಕು ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಬಿರುಕು ಹಳೆಯದು. ಅದು ದಿನದಿನಕ್ಕೆ ಬೆಳೆದು ಕೊನೆಯಲ್ಲಿ ಬಿಟ್ಟಿದೆ. ಅಂಥ ಬಿರುಕು ಬೆಸುಗೆಯಿಂದಲೇ ಹೊರಟಿದ್ದರೆ ತಯಾರಿಕೆಯ ದೋಷದ ಅನುಮಾನಕ್ಕೆ ಗಟ್ಟಿ ಆಧಾರ ಸಿಕ್ಕಂತೆ.

"ಕೆಟ್ಟ ರಸ್ತೆ" ಎಂಬ ಉತ್ತರಕ್ಕೆ ಜಗತ್ತೇ ಜವಾಬು ಕೊಟ್ಟಿದೆ. ಹಿಂಬದಿಯ ಟೋ ಲಿಂಕ್ (ಚಕ್ರದ ದಿಕ್ಕು ಹಿಡಿದಿಡುವ ಕೊಂಡಿ) ಮುರಿಯಬಹುದೆಂದು ಫೋರ್ಡ್ 2019ರಲ್ಲಿ 3 ಲಕ್ಷಕ್ಕೂ ಹೆಚ್ಚು ಎಕ್ಸ್‌ಪ್ಲೋರರ್‌ಗಳನ್ನು ವಾಪಸ್ ಕರೆಯಿತು. ಪದೇಪದೇ ಪೂರ್ತಿ ಮೇಲೆ ಕೆಳಗೆ ಆಡುವ ಸಸ್ಪೆನ್ಷನ್‌ನಲ್ಲಿ ಇದು ಆಗುತ್ತದೆಂದು ಕಂಪನಿಯೇ ಹೇಳಿತ್ತು. ಅಂದರೆ ರಸ್ತೆ ಒರಟು ಎಂಬುದು ಭಾಗ ಮುರಿಯಲು ನೆಪವಾಗಲಿಲ್ಲ. ನಮ್ಮಲ್ಲೂ ಅದೇ 2019ರಲ್ಲಿ, ಆ ವರ್ಷದ ಮೇ 19ರವರೆಗೆ ತಯಾರಾದ ಒಂದಷ್ಟು ಎಕ್ಸ್‌ಯುವಿ 300 ಗಾಡಿಗಳನ್ನು ಮಹೀಂದ್ರಾ ಸಸ್ಪೆನ್ಷನ್ ಭಾಗದ ತಪಾಸಣೆಗೆ ಕರೆದಿತ್ತು. ಅದಕ್ಕೂ ಮೊದಲು, 2017ರ ಮೇ-ಜೂನ್‌ನಲ್ಲಿ ಚೆನ್ನೈನಲ್ಲಿ ತಯಾರಾದ ಇಕೋಸ್ಪೋರ್ಟ್‌ಗಳ ಮುಂದಿನ ಲೋವರ್ ಆರ್ಮ್ ಬೆಸುಗೆಯನ್ನು ಫೋರ್ಡ್ ಪರೀಕ್ಷಿಸಿತ್ತು.

ರಿಕಾಲ್ ಇದೆಯೇ ಎಂದು ನೋಡುವುದು

ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿ ನಂಬರ್ ತೆಗೆದುಕೊಳ್ಳಿ. ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದಿಲ್ಲ, ಹಾಗೆ ಕಂಡರೆ ಅವು 1 ಅಥವಾ 0. ಕಂಪನಿಯ ವೆಬ್‌ಸೈಟಿನ ರಿಕಾಲ್ ಪುಟದಲ್ಲಿ ಈ ನಂಬರ್ ಹಾಕಿ. ಅಷ್ಟಕ್ಕೇ ನಿಲ್ಲಬೇಡಿ. ಸರ್ವಿಸ್ ಸೆಂಟರಿನಲ್ಲಿ ಅಡ್ವೈಸರ್ ಹತ್ತಿರ "ಈ ಚಾಸಿ ಮೇಲೆ ಯಾವುದಾದರೂ ಕ್ಯಾಂಪೇನ್ ಬಾಕಿ ಐತೇನ್ರಿ, ಕಂಪ್ಯೂಟರಿನ್ಯಾಗ ನೋಡ್ರಿ" ಎಂದೇ ಕೇಳಿ. ಕಂಪನಿ ತಾನಾಗಿ ಹಮ್ಮಿಕೊಳ್ಳುವ ತಪಾಸಣೆ, ಬದಲಾವಣೆಗೆ ಅವರು ಕ್ಯಾಂಪೇನ್ ಎನ್ನುತ್ತಾರೆ. ಪತ್ರಿಕೆಗೆ ಕೊಡದೆ ಸರ್ವಿಸಿಗೆ ಬಂದ ಗಾಡಿಗಳಲ್ಲಿ ಮಾತ್ರ ಬದಲಿಸಿ ಕಳಿಸುವ ಭಾಗಗಳೂ ಇರುತ್ತವೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಇದು ಇನ್ನೂ ಮುಖ್ಯ. ರಿಕಾಲ್ ಸಂದೇಶ ಮೊದಲ ಮಾಲೀಕರ ಮೊಬೈಲಿಗೆ ಹೋಗಿರುತ್ತದೆ. ನಿಮ್ಮ ನಂಬರನ್ನು ಕಂಪನಿಯ ದಾಖಲೆಗೆ ಸೇರಿಸಲು ಹೇಳಿ.

ರಿಕಾಲ್ ಕೆಲಸಕ್ಕೆ ವಾರಂಟಿ ಮುಗಿದಿದ್ದರೂ ದುಡ್ಡು ಕೊಡಬೇಕಿಲ್ಲ. ಕ್ಯಾಂಪೇನ್ ಕೋಡ್ ಬರೆದ ಜಾಬ್ ಕಾರ್ಡ್ ಕೇಳಿ ಪಡೆಯಿರಿ. ಅದೇ ಭಾಗವನ್ನು ನೀವು ಮೊದಲೇ ಸ್ವಂತ ಖರ್ಚಿನಲ್ಲಿ ಬದಲಿಸಿದ್ದರೆ ಬಿಲ್ ಲಗತ್ತಿಸಿ ಹಣ ವಾಪಸ್ ಕೊಡುವಂತೆ ಕಂಪನಿಗೆ ಬರೆಯಿರಿ.

ಕಾನೂನು ಹೀಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಂ ಪ್ರಕಾರ, ಜೀವಕ್ಕೆ ಅಪಾಯ ತರುವ ದೋಷವಿದ್ದರೆ ಕೇಂದ್ರ ಸರ್ಕಾರ ರಿಕಾಲ್‌ಗೆ ಆದೇಶಿಸಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. 7 ವರ್ಷದೊಳಗಿನ ಗಾಡಿಗಳಿಗೆ ಅನ್ವಯಿಸುತ್ತವೆ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಎಷ್ಟು ದೂರು ಬಂದರೆ ವಿಚಾರಣೆ ಎಂಬುದು ಆ ಮಾಡೆಲ್ ವರ್ಷಕ್ಕೆ ಎಷ್ಟು ಮಾರಾಟವಾಗಿದೆ ಎಂಬುದರ ಮೇಲೆ ನಿಂತಿದೆ. ಹೀಗಾಗಿ ಪರಿವಾಹನ್ ಪೋರ್ಟಲಿನಲ್ಲಿ ನೀವು ದಾಖಲಿಸುವ ಒಂದು ದೂರು ಎಣಿಕೆಗೆ ಬರುತ್ತದೆ. ಗ್ಯಾರೇಜಿನಲ್ಲಿ ಬೈದು ಬಂದದ್ದು ಬರುವುದಿಲ್ಲ.

ಕಂಪನಿಗೆ ಬರೆಯುವಾಗ ಇಮೇಲಿನಲ್ಲಿ ಚಾಸಿ ನಂಬರ್, ಓಡಿದ ಕಿ.ಮೀ., ದಿನಾಂಕ, ಜಾಗ, ವೇಗ, ಹಿಂದಿನ ಸರ್ವಿಸ್ ದಾಖಲೆ, ಫೋಟೋ ಇಷ್ಟೂ ಇರಲಿ. ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಗಾಡಿಗೆ ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ತೊಂದರೆ ಎದುರಾದ 2 ವರ್ಷದೊಳಗೆ ದೂರು ಹೋಗಬೇಕು. ವಿಮೆಯ ವಿಷಯದಲ್ಲಿ ಒಂದು ಎಚ್ಚರಿಕೆ: ತಗ್ಗಿಗೆ ಬಿದ್ದ ಪೆಟ್ಟಿಗೆ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿಯ) ವಿಮೆ ಸಿಗುತ್ತದೆ, ಸವೆತಕ್ಕೂ ತಾನಾಗಿ ಮುರಿದದ್ದಕ್ಕೂ ಸಿಗುವುದಿಲ್ಲ. ವಿಮೆಗೆ ಒಂದು ಕಾರಣ, ಕಂಪನಿಗೆ ಇನ್ನೊಂದು ಕಾರಣ ಬರೆದುಕೊಟ್ಟರೆ ಎರಡೂ ಕಡೆ ಕೈತಪ್ಪುತ್ತದೆ. ಕಂಡದ್ದನ್ನು ಕಂಡಹಾಗೆ ಎರಡೂ ಕಡೆ ಒಂದೇ ರೀತಿ ಬರೆಯಿರಿ.

ಹೊಸ ಭಾಗ ಹಾಕಿಸುವಾಗ

ಸ್ಪ್ರಿಂಗ್, ಶಾಕ್ ಯಾವಾಗಲೂ ಜೋಡಿಯಾಗಿ ಬದಲಿಸಿ. ಲೋವರ್ ಆರ್ಮ್ ಒಂದೇ ಪಕ್ಕದ್ದು ಸಾಕಾಗಬಹುದು. ಹೊಸ ಬುಷ್ ಮೂರು ತಿಂಗಳಲ್ಲಿ ಹರಿದರೆ ಹೆಚ್ಚಿನ ಸಲ ತಪ್ಪು ಬಿಗಿದ ರೀತಿಯದು. ಚಕ್ರ ಜೋತುಬಿದ್ದಿರುವಾಗಲೇ ಬುಷ್‌ನ ಬೋಲ್ಟನ್ನು ಪೂರ್ತಿ ಬಿಗಿದರೆ, ಗಾಡಿ ಇಳಿಸಿದ ಕ್ಷಣದಿಂದ ಆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಭಾರ ಚಕ್ರದ ಮೇಲೆ ಬಂದ ಮೇಲೆ, ಮ್ಯಾನ್ಯುಯಲ್ಲಿನ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಮಿಸ್ತ್ರಿಯ ಪಕ್ಕದಲ್ಲಿ ನಿಂತು ಇದೊಂದನ್ನು ನೋಡಿಕೊಳ್ಳಿ. ಬಾಲ್ ಜಾಯಿಂಟ್‌ನ ಮೊನಚಾದ ಕಡ್ಡಿ ಒಣಗಿ ಸ್ವಚ್ಛವಾಗಿರಲಿ, ಅಲ್ಲಿಗೆ ಗ್ರೀಸ್ ಹಚ್ಚಬಾರದು. ಹಳೇ ಲಾಕ್ ನಟ್, ಹಳೇ ಸ್ಪ್ಲಿಟ್ ಪಿನ್ ಮತ್ತೆ ಹಾಕಿಸಬೇಡಿ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ ಪ್ರಿಂಟ್ ತೆಗೆದುಕೊಳ್ಳಿ.

ದಾರಿಯಲ್ಲೇ ಚಕ್ರ ವಾಲಿದಂತೆ ಕಂಡರೆ, ತಗ್ಗು ಹಾರಿದ ಮೇಲೆ ಸ್ಟೀರಿಂಗ್ ಒಂದು ಪಕ್ಕಕ್ಕೆ ನಿಂತರೆ, ಟೈರ್ ಒಳಗೆ ಉಜ್ಜುವ ವಾಸನೆ ಬಂದರೆ "ಮುಂದಿನ ಊರಿಗೆ ಹೋಗಿ ತೋರಿಸೋಣ" ಎನ್ನಬೇಡಿ. ಎಡಕ್ಕೆ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಮಕ್ಕಳು ಹಿರಿಯರನ್ನೆಲ್ಲ ರಸ್ತೆಯಿಂದಾಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಕರೆ ಮಾಡಿ. ಎಳೆದೊಯ್ಯಲು ಹಗ್ಗ ಬೇಡ, ನಾಲ್ಕೂ ಚಕ್ರ ಮೇಲೇರಿಸುವ ಫ್ಲ್ಯಾಟ್‌ಬೆಡ್ ಗಾಡಿಯೇ ಬರಲಿ. ಅದು ಬರುವುದರೊಳಗೆ ಚಕ್ರ ನಿಂತ ರೀತಿ, ರಸ್ತೆಯ ಮೇಲಿನ ಗೀರು, ಓಡೋಮೀಟರ್ ಈ ಮೂರರ ಫೋಟೋ ತೆಗೆದಿಟ್ಟುಕೊಳ್ಳಿ.