ವೆಡ್ಜ್ ಕೊಳ್ಳುವ ಮುಂಚೆ ಅಡಿಕೆ ಮರ ಎಣಿಸಿ

ಶಿವಮೊಗ್ಗದಿಂದ ಭಾನುವಾರ ಬೆಳಗ್ಗೆ ಚಿಕ್ಕಮಗಳೂರಿಗೆ ಗಾಲ್ಫ್ ಆಡೋಕೆ ಹೋಗುವ ನಮ್ಮ ಗುಂಪಿಗೆ ಹೊಸಬರು ಸೇರಿದರೆ, ಎರಡೇ ತಿಂಗಳಲ್ಲಿ ಅವರ ಬ್ಯಾಗಿನಲ್ಲಿ 60 ಡಿಗ್ರಿ ಲಾಬ್ ವೆಡ್ಜ್ ಒಂದು ಹೊಳೆಯುತ್ತಿರುತ್ತದೆ. ವೆಡ್ಜ್ ಅಂದರೆ ಹತ್ತಿರದ ಹೊಡೆತಕ್ಕೆ ಚೆಂಡನ್ನು ಮೇಲೆತ್ತುವ ಕ್ಲಬ್, ಲಾಬ್ ವೆಡ್ಜ್ ಅದರಲ್ಲಿ ತುಂಬಾ ಎತ್ತರ ಎತ್ತುವಂಥದ್ದು. ಅಮೆರಿಕದ ಗಾಲ್ಫ್ ಆಟಗಾರ ಫಿಲ್ ಮಿಕಲ್ಸನ್ ಚೆಂಡನ್ನು ನೆಟ್ಟಗೆ ಮೇಲೆತ್ತಿ ಹಗ್ಗ ಕಟ್ಟಿ ಇಳಿಸಿದ ಹಾಗೆ ಇಳಿಸೋದನ್ನು ಟಿವಿಯಲ್ಲಿ ನೋಡಿರುತ್ತಾರಲ್ವಾ. ನಾನೂ ಹಾಗೇ ಕೊಂಡವನು. ಮೊದಲ ಹೊಡೆತಕ್ಕೆ ಕ್ಲಬ್ ಚೆಂಡಿನ ಅಡಿಯಲ್ಲೇ ನುಸುಳಿ ಹೋಯಿತು, ಚೆಂಡು ಎರಡು ಮಾರು ದೂರದಲ್ಲಿ ಬಿತ್ತು. ಎರಡನೆಯದು ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ದಾಟಿ ಪೊದೆ ಸೇರಿತು. ನನಗೆ ಬೇಕಾಗಿದ್ದ ಕ್ಲಬ್ ಅದಲ್ಲವೇ ಅಲ್ಲ.

ವಿಷಯ ಇಷ್ಟು. ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋದೇ ಲಾಫ್ಟ್. ವಾಲಿದಷ್ಟೂ ಚೆಂಡು ಎತ್ತರ ಹೋಗಿ ಹತ್ತಿರ ಬೀಳುತ್ತದೆ. ಹಿಂದೆ ಪಿಚಿಂಗ್ ವೆಡ್ಜ್, ಅಂದರೆ ವೆಡ್ಜ್‌ಗಳಲ್ಲಿ ಎಲ್ಲಕ್ಕಿಂತ ಕಡಿಮೆ ವಾಲಿದ್ದು, 48 ಡಿಗ್ರಿ ಆಸುಪಾಸು ಇರುತ್ತಿತ್ತು. ಈಗ ಹೊಸಬರಿಗೆಂದು ಬರುವ ಸೆಟ್‌ಗಳಲ್ಲಿ ಚೆಂಡು ದೂರ ಹೋಗಲಿ ಅಂತ ಅದನ್ನು 43, 44ಕ್ಕೆ ಇಳಿಸಿದ್ದಾರೆ. ಮರಳಿನ ಗುಂಡಿಯಿಂದ ಚೆಂಡು ಎತ್ತುವ ಸ್ಯಾಂಡ್ ವೆಡ್ಜ್ ಮಾತ್ರ ಈಗಲೂ 54–56ರಲ್ಲೇ ಕೂತಿದೆ. ನಡುವೆ ಹನ್ನೆರಡು ಡಿಗ್ರಿ ಹಳ್ಳ. ತುಂಬಬೇಕಾದ್ದು ಆ ಹಳ್ಳವನ್ನು, 60 ಅದರಾಚೆ ಎಲ್ಲೋ ಇದೆ.

ಮೊದಲು ನಿಮ್ಮ ಪಿಚಿಂಗ್ ವೆಡ್ಜ್ ಎಷ್ಟು ಡಿಗ್ರಿ ಅಂತ ನೋಡಿ. ಸಾಮಾನ್ಯವಾಗಿ ಅದರ ಮೇಲೆ ‘ಪಿ’ ಅಂತಷ್ಟೇ ಕೆತ್ತಿರುತ್ತಾರೆ, ಕಂಪನಿಯ ಜಾಲತಾಣದಲ್ಲಿ ಸೆಟ್ಟಿನ ಹೆಸರು ಹಾಕಿದರೆ ಸಿಗುತ್ತದೆ.

ಎಲ್ಲರೂ ಎಡವೋದು ಮುಂದಿನ ಕೆಲಸದಲ್ಲಿ, ಅಂದರೆ ದೂರ ಅಳೆಯೋದರಲ್ಲಿ. ಕೇಳಿದರೆ ‘ನಂದು ಪಿಚಿಂಗ್ ವೆಡ್ಜ್ 120 ಯಾರ್ಡ್ ಹೋಗುತ್ತೆ ಮಾರಾಯ’ ಅಂತಾರೆ. ಹೋಗಿರುತ್ತದೆ, ಒಂದು ಸಲ, ಇಳಿಜಾರಲ್ಲಿ. ನಮಗೆ ಬೇಕಾದ್ದು ಸುಮಾರಾಗಿ ಹೊಡೆದಾಗ ಎಲ್ಲಿ ಬೀಳುತ್ತದೆ ಅನ್ನೋದು. ಇದಕ್ಕೆ ದುಬಾರಿ ಯಂತ್ರ ಬೇಡ. ಭತ್ತ ಕೊಯ್ದು ಒಣಗಿದ ಗದ್ದೆ, ಪಕ್ಕದಲ್ಲಿ ಅಡಿಕೆ ತೋಟ ಇದ್ದರೆ ಸಾಕು, ನಮ್ಮ ಕಡೆ ಇದಕ್ಕೇನು ಬರವಿಲ್ಲ. ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ ಅಂತರ ಬಿಡೋದು ರೂಢಿ. ಒಂಬತ್ತು ಅಡಿ ಅಂದರೆ ಸರಿಯಾಗಿ ಮೂರು ಯಾರ್ಡ್! ಹಳೇ ತೋಟದಲ್ಲಿ ಅಂತರ ಹೆಚ್ಚುಕಮ್ಮಿ ಇರಬಹುದು, ಒಮ್ಮೆ ಟೇಪ್ ಹಿಡಿದು ನೋಡಿ. ಆಮೇಲೆ ಅಂಚಿನ ಸಾಲಿಗೆ ಸಮನಾಗಿ ಹೊಡೆಯುತ್ತ ಹೋಗೋದು, ಎಣಿಸುತ್ತ ಹೋಗೋದು. ಮರ ಎಣಿಸಬೇಡಿ, ಮರಗಳ ನಡುವಿನ ಅಂತರ ಎಣಿಸಿ, ಇಲ್ಲದಿದ್ದರೆ ಮೂರು ಯಾರ್ಡ್ ಜಾಸ್ತಿ ಬರುತ್ತದೆ.

ಪಿಚಿಂಗ್ ವೆಡ್ಜ್‌ನಲ್ಲಿ ಹತ್ತು ಚೆಂಡು ಹೊಡೆಯಿರಿ. ಸ್ಯಾಂಡ್ ವೆಡ್ಜ್ ಇದ್ದರೆ ಅದರಲ್ಲೂ ಹತ್ತು, ಇಲ್ಲದಿದ್ದರೆ ಯಾರದ್ದಾದರೂ 56 ಎರವಲು ತನ್ನಿ. ಎಲ್ಲಾ ಒಂದೇ ಜಾತಿಯ ಚೆಂಡಾಗಿರಲಿ. ಕೂಳೆಯ ಮೇಲೆ ಇಟ್ಟು ಹೊಡೆದರೆ ಮಣಿಕಟ್ಟು ಹೋಗುತ್ತದೆ, ಕಾಲೊರೆಸುವ ದಪ್ಪ ಮ್ಯಾಟ್ ಹಾಸಿಕೊಳ್ಳಿ. ಗೆಳೆಯನೊಬ್ಬ ಪಕ್ಕದ ಬದುವಿನ ಮೇಲೆ ನಿಂತು ಚೆಂಡು ಬಿದ್ದ ಜಾಗ ನೋಡಲಿ. ಉರುಳಿ ನಿಂತ ಜಾಗ ಅಲ್ಲ, ಮೊದಲು ನೆಲ ಮುಟ್ಟಿದ ಜಾಗ. ಬೇಸಿಗೆಯ ಗದ್ದೆಯಲ್ಲಿ ಚೆಂಡು ಪುಟಿದು ಪುಟಿದು ಇನ್ನೂ ಇಪ್ಪತ್ತು ಹೆಜ್ಜೆ ಓಡುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಿಕೊಂಡವರೇ 120 ಅನ್ನೋರು. ದನ ಮೇಯುತ್ತಿದ್ದರೆ ಹೊಡೆಯಬೇಡಿ ಅಂತ ಬೇರೆ ಹೇಳಬೇಕಾ? ಹತ್ತರಲ್ಲಿ ತೀರಾ ದೂರ ಹೋದ ಎರಡು, ತೀರಾ ಹತ್ತಿರ ಬಿದ್ದ ಎರಡು ಬಿಟ್ಟು ಉಳಿದ ಆರರ ಸರಾಸರಿ ತೆಗೆಯಿರಿ.

ನನಗೆ 44 ಡಿಗ್ರಿಯ ಪಿಚಿಂಗ್ ವೆಡ್ಜ್‌ಗೆ 32 ಅಂತರ ಬಂತು, ಅಂದರೆ 96 ಯಾರ್ಡ್. 56ಕ್ಕೆ 21 ಅಂತರ, 63 ಯಾರ್ಡ್. ನಡುವೆ 33 ಯಾರ್ಡ್ ಖಾಲಿ. 80 ಯಾರ್ಡಿನಲ್ಲಿ ಗ್ರೀನ್ ಇದ್ದಾಗ ನಾನು ಒಂದೋ ಪಿಚಿಂಗ್ ವೆಡ್ಜನ್ನು ಅಂಜುತ್ತ ಅರ್ಧಂಬರ್ಧ ಬೀಸುತ್ತಿದ್ದೆ, ಇಲ್ಲವೇ 56ನ್ನು ಮೈಮುರಿದು ಬೀಸುತ್ತಿದ್ದೆ. ಎರಡೂ ಕೆಡುತ್ತಿತ್ತು. ಇದಕ್ಕೆ ಮದ್ದು 50 ಡಿಗ್ರಿ. 44, 50, 56. ಪಿಚಿಂಗ್ ವೆಡ್ಜ್ 46 ಇದ್ದರೆ 51 ಮತ್ತು 56. 43 ಇದ್ದರೆ 48 ಮತ್ತು 54. ನಡುವಿನ ಹಳ್ಳ ನಾಲ್ಕರಿಂದ ಆರು ಡಿಗ್ರಿ ಇದ್ದರೆ ನೆಮ್ಮದಿ. ಅಂಗಡಿಯಲ್ಲಿ 52, 56, 60 ಮೂರನ್ನೂ ಒಂದೇ ಡಬ್ಬಿಗೆ ಹಾಕಿ ಮಾರುತ್ತಾರಲ್ಲ, 44ರವನು ಅದನ್ನು ಕೊಂಡರೆ ದೊಡ್ಡ ಹಳ್ಳ ಪಿಚಿಂಗ್ ವೆಡ್ಜ್ ಪಕ್ಕದಲ್ಲೇ ಉಳಿಯುತ್ತದೆ, ಬೇಡದ ಕಡೆ ಕ್ಲಬ್ ರಾಶಿ ಬೀಳುತ್ತದೆ. ನಿಮ್ಮ ಸೆಟ್ಟಿನ ಕಂಪನಿಯೇ ಅದಕ್ಕೆ ಜೋಡಿಯಾಗಿ ಗ್ಯಾಪ್ ವೆಡ್ಜ್ (ಈ ನಡುವಿನ ಹಳ್ಳ ತುಂಬುವ ವೆಡ್ಜ್) ಮಾಡಿದ್ದರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ಬ್ಯಾಗಿನಲ್ಲಿ 14 ಕ್ಲಬ್ ಮೀರುವಂತಿಲ್ಲ, ಜಾಗ ಬೇಕಾದರೆ 3 ಐರನ್ (ದೂರದ ಹೊಡೆತದ ಕ್ಲಬ್) ಮನೇಲಿಡಿ, ಅದನ್ನು ಹೊಡೆಯೋಕೆ ಹೇಗೂ ಬರಲ್ಲ.

ಇನ್ನು ಬೌನ್ಸ್. ವೆಡ್ಜ್ ಮೇಲೆ 56-12 ಅಂತಿದ್ದರೆ ಹನ್ನೆರಡು ಅನ್ನೋದು ಬೌನ್ಸ್, ಅಂದರೆ ತಳದ ಉಬ್ಬು. 1932ರಲ್ಲಿ ಬ್ರಿಟಿಷ್ ಓಪನ್ ಗೆದ್ದ ಜೀನ್ ಸರಾಜೆನ್ ತನ್ನ ಕ್ಲಬ್ಬಿನ ತಳಕ್ಕೆ ಲೋಹ ಬೆಸೆದು ಮಾಡಿಕೊಂಡಿದ್ದು ಇದನ್ನೇ. ಆ ಉಬ್ಬಿನಿಂದ ಕ್ಲಬ್ ಮರಳನ್ನು ಅಗೆಯದೆ ಜಾರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದ ನೆಲದಲ್ಲಿ 6 ಡಿಗ್ರಿ ಬೌನ್ಸ್ ಇಟ್ಟುಕೊಂಡರೆ ವೆಡ್ಜ್ ಗುದ್ದಲಿಯಾಗುತ್ತದೆ, ಅಂಗೈ ಅಗಲದ ಹೆಂಟೆ ಮುಂದೆ, ಚೆಂಡು ಅಲ್ಲೇ. ಮಾರ್ಚಿನ ಗಟ್ಟಿ ನೆಲದಲ್ಲಿ ಜಾಸ್ತಿ ಬೌನ್ಸ್ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ ಅನ್ನೋದೂ ನಿಜ. ಆದರೂ ಹೊಸಬರು ಹೊಡೆಯೋದು ಚೆಂಡಿನ ಹಿಂದಿನ ನೆಲಕ್ಕೇ ಜಾಸ್ತಿ, ಹಾಗಾಗಿ 56ಕ್ಕೆ 12ರ ಹತ್ತಿರ, 50ಕ್ಕೆ 8ರ ಹತ್ತಿರ. ಚರ್ಚೆ ಬೇಡ.

ಶಾಫ್ಟ್, ಅಂದರೆ ಕ್ಲಬ್ಬಿನ ಕೋಲು, ನಿಮ್ಮ ಐರನ್‌ಗಳಂಥದ್ದೇ ಇರಲಿ.

ದುಡ್ಡು ಉಳಿಸಬೇಕಾದರೆ ಹಳೇ ವೆಡ್ಜ್ ಕೊಳ್ಳಬಹುದು, ಮುಖದ ಗೆರೆಗಳ ಮೇಲೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಸರಿ, ನುಣ್ಣಗೆ ಜಾರಿದರೆ ವಾಪಸ್ ಕೊಡಿ. ದೊಡ್ಡ ಬ್ರ್ಯಾಂಡಿನ ಮೂರು ಹೊಸ ವೆಡ್ಜ್ ಒಂದರ ಬೆಲೆಗೆ ಸಿಗುತ್ತಿದೆ ಅಂದರೆ ಅದು ನಕಲಿ. ಆನ್‌ಲೈನಲ್ಲಿ ನಾನು ತರಿಸಿದ ಒಂದರ ತಲೆ ಎರಡನೇ ತಿಂಗಳಿಗೇ ಅಲ್ಲಾಡತೊಡಗಿತು, ಮಾರಿದವರ ಫೋನು ಅಷ್ಟರಲ್ಲಿ ಬಂದ್ ಆಗಿತ್ತು. ಗ್ರೀನ್ ಪಕ್ಕದಿಂದ ಚೆಂಡನ್ನು ತುಸು ಎತ್ತಿ ಉರುಳಿಸೋಕೆ ಚಿಪ್ಪರ್ ಅಂತ ಒಂದು ಬರುತ್ತದೆ, ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ, 8 ಐರನ್ ಅದೇ ಕೆಲಸ ಮಾಡುತ್ತದೆ.

ಹೊಸ 50 ಕೈಗೆ ಬಂದ ಮೇಲೆ ಮತ್ತೆ ಗದ್ದೆಗೆ ಹೋಗಿ ಹತ್ತು ಹೊಡೆಯಿರಿ. ನನ್ನದು 27ನೇ ಅಂತರಕ್ಕೆ ಬೀಳುತ್ತಿದೆ. ಇದನ್ನೆಲ್ಲ ಮೇ ಮುಗಿಯೋದರೊಳಗೆ ಮುಗಿಸಿಕೊಳ್ಳಿ. ಮಳೆ ಹಿಡಿದು ಗದ್ದೆ ಹೂಡೋಕೆ ಶುರು ಮಾಡಿದರೆ ಬಿದ್ದ ಚೆಂಡು ಟಿಲ್ಲರ್‌ಗೇ ಸಿಗಬೇಕು.